ಮಂಕು ಕವಿದ ಮನಸ್ಸು, ಮಿದುಳಿನ ತಾಳ

ಮನೆಯಲ್ಲೊಬ್ಬರು ವಾರಗಟ್ಟಲೆ ಮಾತು ಬಿಟ್ಟು, ಅನ್ನ ನಿದ್ರೆಗಳನ್ನು ತೊರೆದು ಮಂಕಾಗಿ ಕುಳಿತರೆ, ಕಡಿಯಾಳಿಯ ಸಂಸಾರವಂದಿಗರು ಮಹಿಷಮರ್ದಿನಿಗೆ ಹರಕೆ ಹೊತ್ತು, ಅನಂತರ ಮಣಿಪಾಲದ ಏರು ಹತ್ತುತ್ತಾರೆ. ಅಲ್ಲಿ ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಡಾಕ್ಟ್ರೇ, ತಲೆಯದ್ದೊಂದು ಸ್ಕ್ಯಾನ್ ಮಾಡಿಸಿದ್ರೆ ಗೊತ್ತಾಗುದಿಲ್ವಾ?”

ಪ್ರಶ್ನೆ ಅಸಂಬದ್ಧವೇನಲ್ಲ. 1995ರಲ್ಲಿ ಅಮೆರಿಕದಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ಸುಮ್ಮನೆ ಮಲಗಿದ್ದವರ ಮಿದುಳನ್ನು ಎಂ.ಆರ್.ಐ. ಯಂತ್ರದಲ್ಲಿ ಪರೀಕ್ಷಿಸಿದರು. ಎಡಗೈ ಬಲಗೈಗಳನ್ನು ಆಡಿಸುವ ಭಾಗಗಳು, ಕೈ ಆಡದಿರುವಾಗಲೂ, ಒಂದೇ ಲಯದಲ್ಲಿ ಏರಿಳಿಯುತ್ತಿದ್ದುವು. ರಂಗಸ್ಥಳ ಕಾಣದಷ್ಟು ದೂರ ನಿಂತವನಿಗೂ ಚೆಂಡೆ ಮದ್ದಳೆಗಳು ಒಂದೇ ತಾಳಕ್ಕೆ ನುಡಿಯುವುದು ಕೇಳಿದರೆ ಅವು ಒಂದೇ ಮೇಳದವೆಂದು ತಿಳಿಯುವುದಷ್ಟೆ? ಮಿದುಳಿನ ಜಾಲಗಳನ್ನು ಗುರುತಿಸುವ ಬಗೆಯೂ ಅದೇ.

ಆ ಜಾಲಗಳಲ್ಲೊಂದು, ಹೊರಗಿನ ಕೆಲಸವಿಲ್ಲದಾಗಲೇ ಹೆಚ್ಚು ಚುರುಕಾಗುವಂಥದು. ಕಳೆದುದನ್ನು ಮೆಲುಕುಹಾಕುವುದೂ ತನ್ನನ್ನು ತಾನೇ ಅಳೆದುಕೊಳ್ಳುವುದೂ ಅದಕ್ಕೆ ಸೇರಿದ ವ್ಯಾಪಾರ. ಖಿನ್ನತೆಯಲ್ಲಿ ಇದರ ಬಂಧ ಅತಿಯಾಗಿ ಬಿಗಿಯಾಗಿರುತ್ತದೆಂದು 2007ರಲ್ಲಿ ಒಂದು ಸಂಶೋಧನೆ ಸಾರಿತು. ನೊಂದ ಮನಸ್ಸು ಹಳೆಯ ತಪ್ಪುಗಳ ಸುತ್ತ ಗಾಣದ ಎತ್ತಿನಂತೆ ತಿರುಗುವುದರ ಗುಟ್ಟು ದೊರೆಯಿತೆಂದು ಹಲವರು ಹಿಗ್ಗಿದರು. ಹಿಗ್ಗು ಬಹುಕಾಲ ಉಳಿಯಲಿಲ್ಲ. 2019ರಲ್ಲಿ ಚೀನಾದ ವಿಜ್ಞಾನಿಗಳು 1,300 ರೋಗಿಗಳ ಚಿತ್ರಗಳನ್ನು ಒಟ್ಟುಗೂಡಿಸಿ ನೋಡಿದಾಗ, ರೋಗ ಮರುಕಳಿಸಿದವರಲ್ಲಿ ಆ ಬಂಧ ಸಡಿಲವಾಗಿಯೇ ಕಂಡಿತು. ಆ ಸಡಿಲಕ್ಕೂ ಔಷಧಿ ಸೇವನೆಗೂ ನಂಟಿತ್ತು. ಮೊದಲ ಬಾರಿ ರೋಗ ತಗುಲಿ, ಇನ್ನೂ ಔಷಧಿ ಮುಟ್ಟದಿದ್ದವರಲ್ಲಿ ಅದು ಕಾಣಲಿಲ್ಲ.

ಇವೆಲ್ಲ ಗುಂಪಿನ ಸರಾಸರಿಗಳು. ಒಬ್ಬರ ಚಿತ್ರವನ್ನು ಬೆಳಕಿಗೆ ಹಿಡಿದು ‘ಇವರಿಗೆ ಖಿನ್ನತೆ’ ಎಂದು ಹೇಳಬಲ್ಲ ಸ್ಕ್ಯಾನ್ ಇಂದಿಗೂ ಇಲ್ಲ. ಗಡ್ಡೆ, ರಕ್ತಸ್ರಾವಗಳಂಥ ಬೇರೆ ವ್ಯಾಧಿಯ ಶಂಕೆಯಿದ್ದರೆ ವೈದ್ಯರೇ ಅದನ್ನು ಬರೆದುಕೊಡುತ್ತಾರೆ. ಖಿನ್ನತೆಯನ್ನು ಅವರು ಕಂಡುಕೊಳ್ಳುವುದು ಮಾತಿನಿಂದ: ಎರಡು ವಾರಕ್ಕೂ ಮಿಕ್ಕಿ ಹೀಗಿದೆಯೇ, ನಿದ್ರೆ ಹೇಗೆ, ಹಸಿವು ಹೇಗೆ, ಸಾವಿನ ಮಾತು ಬಂದದ್ದುಂಟೇ? ಇದಿಷ್ಟಕ್ಕೆ ಮಣಿಪಾಲದವರೆಗೆ ಬರಬೇಕಿತ್ತೇ ಎಂದು ಜೊತೆಯಲ್ಲಿ ಬಂದವರಿಗೆ ಅನಿಸುವುದುಂಟು. ಆದರೆ ಮದ್ದೂ ಸಮಾಲೋಚನೆಯೂ ನಿರ್ಧಾರವಾಗುವುದು ಆ ಉತ್ತರಗಳ ಮೇಲೆಯೇ. ಅದಕ್ಕಾಗಿ ಯಾವ ಚಿತ್ರಕ್ಕೂ ಕಾಯಬೇಕಾಗಿಲ್ಲ.

2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಭಾರತದ ವಯಸ್ಕರಲ್ಲಿ ಸುಮಾರು ಇಪ್ಪತ್ತಕ್ಕೆ ಒಬ್ಬರಿಗೆ ಈ ವ್ಯಾಧಿ ತಗುಲಿದೆ. ಮನೆಯವರಾರಾದರೂ ಸಾವಿನ ಮಾತನ್ನಾಡಿದರೆ ಬೆಳಗಿನ ತನಕ ತಡೆಯಬೇಕಾಗಿಲ್ಲ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ಮಾತನಾಡುತ್ತದೆ.