ದುಡ್ಡಿನ ಲೆಕ್ಕಕ್ಕೆ ಡಬಲ್ ಬೇಡ

ಶಾಲೆಯ ಕಂಪ್ಯೂಟರಿನಲ್ಲಿ ಸಿ ಭಾಷೆಯಲ್ಲಿ 0.1ಕ್ಕೆ 0.2 ಕೂಡಿಸಿ, ಹದಿನೇಳು ದಶಮಾಂಶ ಸ್ಥಾನದವರೆಗೆ ತೋರಿಸು ಅಂತ ಹೇಳಿ ನೋಡಿ. 0.30000000000000004 ಬರುತ್ತೆ. ಯಂತ್ರ ಕೆಟ್ಟಿಲ್ಲ ಮಕ್ಕಳೇ. 1ನ್ನು 3ರಿಂದ ಭಾಗಿಸಿದರೆ ನಮಗೆ ಮುಗಿಯೋದೇ ಇಲ್ಲವಲ್ಲ, ದ್ವಿಮಾನ ಪದ್ಧತಿಯಲ್ಲಿ ಹತ್ತನೇ ಒಂದು ಭಾಗವೂ ಹಾಗೆಯೇ. ಡಬಲ್ ಅದನ್ನು 53 ಬಿಟ್‌ಗಳಿಗೆ ಮೊಟಕು ಮಾಡಿ ಇಡುತ್ತದೆ.

ಇದಕ್ಕಾಗಿಯೇ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ನ್ಯೂಮೆರಿಕ್ ಎಂಬ ಬಗೆ ಇದೆ. ಅದು ಸಂಖ್ಯೆಯನ್ನು ನಾಲ್ಕು ನಾಲ್ಕು ದಶಮಾನ ಅಂಕಿಗಳ ಗುಂಪಾಗಿ ಇಡುತ್ತದೆ, ಅಲ್ಲಿ 0.1 ಅಂದರೆ 0.1. ಆದರೆ ಡೇಟಾಬೇಸಿಗೆ ಸಿಯಲ್ಲಿ ಹೊಸ ಫಂಕ್ಷನ್ ಸೇರಿಸುವಾಗ ತೊಡಕು ಶುರು. ಸಿಯ ಕೂಡು ಚಿಹ್ನೆಗೆ ನ್ಯೂಮೆರಿಕ್ ಗೊತ್ತಿಲ್ಲ. ಡಬಲ್ ಮಾಡಿಬಿಟ್ಟರೆ ಸಲೀಸು ಅನ್ನಿಸುತ್ತೆ. ನನ್ನ ಪ್ರಕಾರ ಅದು ಬರೀ ಸೋಮಾರಿತನ. 9007199254740993 ಡಬಲ್ ಆದಾಗ ಕೊನೆಯ 3 ಸುಮ್ಮನೆ 2 ಆಗುತ್ತೆ, ಒಂದು ಎಚ್ಚರಿಕೆಯೂ ಬರೋದಿಲ್ಲ!

ಕೂಡಲು ನ್ಯೂಮೆರಿಕ್_ಆಡ್, ಗುಣಿಸಲು ನ್ಯೂಮೆರಿಕ್_ಮಲ್ ಪೋಸ್ಟ್‌ಗ್ರೆಸ್ ಒಳಗೇ ಇವೆ. ಅವನ್ನೇ ಕರೆಯಿರಿ. ನಿಧಾನ, ಹೌದು. ಮಳೆ, ಉಷ್ಣತೆಯ ಅಳತೆಗೆ ಡಬಲ್ ಸಾಕು, ಅಳೆಯುವ ಸಾಧನಕ್ಕೇ ಅಷ್ಟು ನಿಖರತೆ ಇರೋದಿಲ್ಲ. ಅಜ್ಜಿಯ ಪಾಸ್‌ಬುಕ್ಕಿಗೆ ಮಾತ್ರ ಸಾಲದು.