ಕಂಪ್ಯೂಟರ್ ಕಲಿಸಿದರೆ ಸಾಲದು, ಕೀಲಿಯನ್ನೂ ಕೊಡಿ

ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸಿಬಿಟ್ಟರೆ ಅವರು ಸ್ವಾವಲಂಬಿಗಳಾಗುತ್ತಾರೆ ಎಂಬ ಮಾತನ್ನು ಎಲ್ಲ ವೇದಿಕೆಗಳಲ್ಲೂ ಕೇಳುತ್ತಿದ್ದೇವೆ. ಉಚಿತ ತರಬೇತಿಯ ಉದ್ಘಾಟನೆಗೆ ದೀಪ ಹಚ್ಚುವವರು, ಪ್ರಮಾಣಪತ್ರ ಹಂಚಿ ಫೋಟೋ ತೆಗೆಸಿಕೊಳ್ಳುವವರು ಎಲ್ಲರೂ ಇದನ್ನೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಲಿಕೆ ಖಂಡಿತ ಬೇಕು. ಆದರೆ ಕಲಿತದ್ದರ ಫಲ ಯಾರ ಕೈ ಸೇರುತ್ತದೆ ಎಂದು ಕೇಳದ ತರಬೇತಿ ಯಾವ ಹೆಣ್ಣನ್ನೂ ಬಿಡುಗಡೆ ಮಾಡುವುದಿಲ್ಲ.

ಈ ಕಥೆ ನಮಗೆ ಹೊಸದಲ್ಲ. ನಮ್ಮ ಕಾಲದಲ್ಲಿ ಓದು ಮುಗಿದು ಮದುವೆಗೆ ಕಾದಿರುವ ಹುಡುಗಿಯರನ್ನು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಕಳಿಸುತ್ತಿದ್ದರು. ಜೂನಿಯರ್, ಸೀನಿಯರ್ ಪಾಸಾದವರಿಗೆ ಕಚೇರಿಗಳಲ್ಲಿ ಕೆಲಸವೂ ಸಿಗುತ್ತಿತ್ತು. ಆದರೆ ಆ ಸರ್ಟಿಫಿಕೇಟನ್ನು ಮೊದಲು ತೂಗಿ ನೋಡಿದವರು ವರನ ಕಡೆಯವರು. ಹುಡುಗಿ ಸಂಪಾದಿಸುತ್ತಾಳೆಂದು ವರದಕ್ಷಿಣೆ ಇಳಿಯಲಿಲ್ಲ, ಅದರ ಮೇಲೆ ತಿಂಗಳ ಸಂಬಳವೂ ಸೇರಿತು. ನಾನು ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವಳು. ನನ್ನ ಹಳೆಯ ವಿದ್ಯಾರ್ಥಿನಿಯರಲ್ಲೇ ಹಲವರು ಒಂದನೇ ತಾರೀಖಿನ ಸಂಬಳದ ಕವರನ್ನು ಒಡೆಯದೆ ಅತ್ತೆಯ ಕೈಗಿಡುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಈಗ ಟೈಪ್‌ರೈಟರಿನ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಕಚೇರಿ ಆಡಳಿತಕ್ಕೆ ಬೇಕಾದ ಕೆಲಸಗಳೇನೂ ಬ್ರಹ್ಮವಿದ್ಯೆಯಲ್ಲ. ಪತ್ರ ಮತ್ತು ಸಭೆಯ ನಡಾವಳಿ ಬರೆಯುವುದು, ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಲೆಕ್ಕ ಇಡುವುದು, ಮೇಲ್ ಕಳಿಸುವುದು, ಕಡತಗಳನ್ನು ಕ್ಲೌಡ್‌ನಲ್ಲಿಟ್ಟು ಸಹೋದ್ಯೋಗಿಗಳೊಂದಿಗೆ ಹಂಚಿಕೊಳ್ಳುವುದು, ಇಷ್ಟೇ. ನಿವೃತ್ತಳಾದ ಮೇಲೆ ನಾನೂ ಕಲಿತೆ. ಈಗ ವಾರಕ್ಕೆ ಎರಡು ದಿನ, ಗಂಡನ ಮನೆಯ ಹಿಂಸೆ ತಾಳಲಾರದೆ ಹೊರಬಂದ ಹೆಣ್ಣುಮಕ್ಕಳಿಗೆ ಕಲಿಸುತ್ತೇನೆ.

ಕ್ಲೌಡ್ ಎಂಬ ಹೆಸರಿಗೆ ಯಾರೂ ಹೆದರಬೇಕಿಲ್ಲ. ನಮ್ಮ ಕಡತಗಳು ಎಲ್ಲೋ ಇರುವ ಕಂಪನಿಯ ಯಂತ್ರಗಳಲ್ಲಿರುತ್ತವೆ, ಪಾಸ್‌ವರ್ಡ್ ಇದ್ದವರು ಯಾವ ಊರಿನಿಂದಲಾದರೂ ತೆರೆಯಬಹುದು. ಉಟ್ಟ ಬಟ್ಟೆಯಲ್ಲಿ ಹೊರಬಂದವಳಿಗೆ ಇದಕ್ಕಿಂತ ಒಳ್ಳೆಯ ಬೀರು ಬೇಕೆ? ಆದರೆ ಅದರ ಕೀಲಿ ಗಂಡನ ಬಳಿಯೂ ಇದ್ದರೆ ಅವನೂ ಯಾವ ಊರಿನಿಂದಲಾದರೂ ತೆರೆಯಬಹುದು.

ತರಗತಿಗೆ ಬರುವ ಅನೇಕರಿಗೆ ಮೇಲ್ ಖಾತೆ ತೆರೆದುಕೊಟ್ಟವನೇ ಗಂಡ. ಪಾಸ್‌ವರ್ಡ್ ಮರೆತರೆ ಒಟಿಪಿ ಹೋಗುವುದು ಅವನ ಫೋನಿಗೆ. ಸಿಮ್ ಅವನ ಹೆಸರಿನಲ್ಲಿ. ಆಧಾರ್‌ಗೆ ಜೋಡಿಸಿದ ನಂಬರೂ ಅವನದೇ. ಅವಳು ಕೆಲಸಕ್ಕೆ ಹಾಕಿದ ಅರ್ಜಿ, ವಕೀಲರಿಗೆ ಬರೆದ ಪತ್ರ, ಹೊಸ ಬಾಡಿಗೆ ಮನೆಯ ವಿಳಾಸ ಎಲ್ಲವನ್ನೂ ಅವನು ಕೂತಲ್ಲೇ ಓದಬಹುದು. ಹೊಡೆಯುವವನಿಗೆ ವಿಳಾಸ ಸಿಕ್ಕರೆ ಏನಾಗುತ್ತದೆಂದು ಈ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ತರಬೇತಿ ಸಂಸ್ಥೆಗಳೂ ಕಡಿಮೆಯಿಲ್ಲ. ಇಡೀ ತರಗತಿಗೆ ಒಂದೇ ಖಾತೆ, ಬೋರ್ಡಿನ ಮೇಲೆ ದೊಡ್ಡದಾಗಿ ಬರೆದ ಒಂದೇ ಪಾಸ್‌ವರ್ಡ್!

ಗಂಡ ಹೆಂಡಿರ ನಡುವೆ ಗುಟ್ಟೇಕೆ ಎಂದು ಕೇಳುವವರಿದ್ದಾರೆ. ಸರಿ, ಗಂಡನ ಪಾಸ್‌ವರ್ಡ್ ಎಷ್ಟು ಹೆಂಡತಿಯರ ಬಳಿ ಇದೆ? ಸ್ತ್ರೀಧನ ಹೆಣ್ಣಿನ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಆರ್ಥಿಕ ಹಿಂಸೆಯನ್ನೂ ಹಿಂಸೆಯೆಂದೇ ಹೆಸರಿಸಿ, ಸ್ತ್ರೀಧನ ಸಿಗದಂತೆ ಮಾಡುವುದನ್ನು ಅದರಲ್ಲಿ ಸೇರಿಸಿತು. ಒಡವೆ ಅವಳದಾದರೆ ಅವಳ ಪತ್ರ, ಅವಳ ಅಂಕಪಟ್ಟಿಯ ಪ್ರತಿ ಯಾಕೆ ಅವನ ಸ್ವತ್ತಾಗಬೇಕು?

ಆದ್ದರಿಂದ ಮೊದಲ ದಿನದ ಪಾಠ ಅವಳದೇ ಹೊಸ ಖಾತೆಯಾಗಿರಲಿ. ಮನೆಯ ಫೋನಿನಲ್ಲಿ ಬೇಡ, ತರಗತಿಯ ಕಂಪ್ಯೂಟರಿನಲ್ಲಿ ತೆರೆಯಲಿ. ಮರುಪಡೆಯುವ ನಂಬರು ಅವಳದೋ ನಂಬಿಕಸ್ಥ ಗೆಳತಿಯದೋ ಆಗಿರಲಿ. ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ ಇಟ್ಟರೆ 10 ಬ್ಯಾಕಪ್ ಕೋಡ್ ಪಡೆಯಬಹುದು. ಅವನ್ನು ಕಾಗದದಲ್ಲಿ ಬರೆದು ಸುರಕ್ಷಿತ ಜಾಗದಲ್ಲಿಟ್ಟರೆ ಫೋನ್ ಕಿತ್ತುಕೊಂಡರೂ ಖಾತೆ ಉಳಿಯುತ್ತದೆ. ಎದ್ದು ಹೋಗುವಾಗ ಸೈನ್ ಔಟ್ ಮಾಡಲಿ. ಖಾತೆ ಯಾವ ಯಾವ ಫೋನಿನಲ್ಲಿ ತೆರೆದಿದೆ ಎಂಬ ಪಟ್ಟಿಯನ್ನು ಆಗಾಗ ನೋಡಲಿ. ಕಡತ ಹಂಚುವಾಗ 'ಲಿಂಕ್ ಇರುವ ಯಾರಾದರೂ' ಎಂಬುದನ್ನು ಒತ್ತದಿರಲಿ. ಇನ್ನೂ ಅದೇ ಮನೆಯಲ್ಲಿರುವವಳು ಹಳೆಯ ಖಾತೆಯ ಪಾಸ್‌ವರ್ಡನ್ನು ತಟ್ಟನೆ ಬದಲಾಯಿಸಿದರೆ ಅವನಿಗೆ ಅನುಮಾನ ಬಂದು ಏಟು ಹೆಚ್ಚಬಹುದು. ಹಳೆಯದು ಹಾಗೇ ಇರಲಿ, ಮುಖ್ಯವಾದದ್ದೆಲ್ಲ ಹೊಸದರಲ್ಲಿ ನಡೆಯಲಿ.

ಎರಡನೆಯದಾಗಿ, ಅಭ್ಯಾಸಕ್ಕೆ ಯಾರದೋ ಕಾಲ್ಪನಿಕ ಅಂಗಡಿಯ ಮಾರಾಟದ ಲೆಕ್ಕ ಬೇಕಿಲ್ಲ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಅದರಡಿ ಬಂದ 1985ರ ನಿಯಮಗಳ ಪ್ರಕಾರ ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿಯನ್ನು ವಧೂವರರು ಇಡಬೇಕು. ಅದರಲ್ಲಿ ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ನೆಂಟರಾದರೆ ಸಂಬಂಧ, ಕೊನೆಗೆ ಇಬ್ಬರ ಸಹಿ ಇರಬೇಕು. ಎಷ್ಟು ಮದುವೆಗಳಲ್ಲಿ ಇಂಥ ಪಟ್ಟಿ ನೋಡಿದ್ದೀರಿ, ಗೆಳತಿಯರೇ? ನಾಲ್ಕು ಕಾಲಮ್ಮಿನ ಈ ಶೀಟಿನಲ್ಲೇ ಸಾಲು ತುಂಬುವುದನ್ನೂ ಮೊತ್ತ ಕೂಡುವ ಸೂತ್ರವನ್ನೂ ಕಲಿಸಬಹುದು. ತಡವಾಗಿ ಬರೆದ ಪಟ್ಟಿ ಸಹಿಯಿದ್ದ ಪಟ್ಟಿಗೆ ಸಮನಾಗದು, ನಿಜ. ಆದರೂ ಸ್ತ್ರೀಧನ ಹಿಂತಿರುಗಿಸುವಂತೆ 2005ರ ಕಾಯಿದೆಯಡಿ ಮ್ಯಾಜಿಸ್ಟ್ರೇಟರು ಆದೇಶಿಸಬಹುದು, ಆಗ ಏನೇನು ಬೇಕೆಂದು ಹೇಳಲು ಅವಳ ಕೈಯಲ್ಲಿ ಲೆಕ್ಕವಿರುತ್ತದೆ. ಮದುವೆ ನಿಶ್ಚಯವಾದ ಹುಡುಗಿಯರಂತೂ ಇದನ್ನು ಮೊದಲೇ ಸಿದ್ಧಮಾಡಿಕೊಂಡು, ಮುದ್ರಿಸಿ ಸಹಿ ಹಾಕಿಸಿಕೊಳ್ಳಲಿ. ಸಹಿ ಹಾಕಲು ಮುನಿಯುವ ವರನ ಬಣ್ಣ ಅಲ್ಲೇ ಬಯಲಾಗುತ್ತದೆ.

ತರಬೇತಿ ನಡೆಸುವವರಿಗೆ ನನ್ನ ಮಾತು ಇಷ್ಟು. ಎಷ್ಟು ಮಂದಿಗೆ ಪ್ರಮಾಣಪತ್ರ ಕೊಟ್ಟಿರಿ ಎಂಬ ಸಂಖ್ಯೆಯನ್ನು ವಾರ್ಷಿಕ ವರದಿಯಲ್ಲಿ ಹಾಕಿ ಬೀಗಬೇಡಿ. ಅವರಲ್ಲಿ ಎಷ್ಟು ಮಂದಿಯ ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತಿದೆ, ಎಷ್ಟು ಮಂದಿಯ ಸಂಬಳ ಅವರ ಹೆಸರಿನ ಬ್ಯಾಂಕ್ ಖಾತೆಗೇ ಬೀಳುತ್ತಿದೆ, ಆ ಖಾತೆಯ ಎಟಿಎಂ ಕಾರ್ಡು ಯಾರ ಜೇಬಿನಲ್ಲಿದೆ, ಆ ಲೆಕ್ಕ ಕೊಡಿ.