ಎದೆಮಟ್ಟದ ಹಿಡಿ, ನಾಲ್ಕು ಕ್ವಿಂಟಲಿನ ಟಿಲ್ಲರ್

ಕಾಯಿ ಕೆಡವಿಸಿದ ದಿನ ತಿಪಟೂರು ಸೀಮೆಯ ತೋಟದ ಮನೆಗಳಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಬಿದ್ದ ಕಾಯಿ ಆಯ್ದು ರಾಶಿ ಹಾಕಬೇಕು, ಟಿಲ್ಲರಿನ ಟ್ರೇಲರಿಗೆ ತುಂಬಬೇಕು, ಮನೆಗೆ ತಂದು ಅಟ್ಟಕ್ಕೆ ಏರಿಸಬೇಕು. ಅಟ್ಟ ಸೇರಿದ ಕಾಯಿ ತಿಂಗಳುಗಟ್ಟಲೆ ಒಣಗಿದ ಮೇಲೆ ತಾನೆ ಉಂಡೆ ಕೊಬ್ಬರಿ. ಅಂಥ ದಿನ ಭಾನುವಾರವೂ ಆಗಿಬಿಟ್ಟರೆ ಎಂಟನೇ ಕ್ಲಾಸಿನ ಹುಡುಗನೂ ಕೈಗೆ ಸಿಗುತ್ತಾನೆ. ಟಿಲ್ಲರಿನ ಹಿಡಿ ಅವನ ಎದೆಮಟ್ಟಕ್ಕೆ ಬರುತ್ತದೆ. ಕ್ಲಚ್ಚಿನ ಲಿವರ್ ಒತ್ತಲು ಅವನ ಬೆರಳು ಪೂರ್ತಿ ಚಾಚಬೇಕು. ಆದರೂ ಅವನು ಓಡಿಸುತ್ತಾನೆ. ತಾಯಿ ಬೇಡವೆಂದರೆ ಜಗಲಿಯ ಮೇಲಿನ ತಾತನ ಮಾತು ಸಿದ್ಧವಾಗಿರುತ್ತದೆ: ‘ಬುಡವ್ವ, ನಮ್ ತ್ವಾಟ್ದೊಳ್ಗೆ ತಾನೆ, ಕಲ್ತ್ಕಳ್ಳಿ.’

ನೊಣವಿನಕೆರೆ, ಮಾಯಸಂದ್ರ, ಹುಳಿಯಾರು, ಯಾವ ಕಡೆ ಹೋದರೂ ಈ ಮಾತಿಗೆ ಬರವಿಲ್ಲ. ಅದರ ಹಿಂದಿರುವ ಹೆಮ್ಮೆಯೂ ನಿಜ, ಕೆಲಸದ ಒತ್ತಡವೂ ನಿಜ. ಕೂಲಿಗೆ ಜನ ಸಿಗದ ಕಾಲದಲ್ಲಿ ಮನೆಯ ಮಗ ಯಂತ್ರ ಹಿಡಿಯುವುದು ಎಷ್ಟೋ ಮನೆಗಳಿಗೆ ಆಸರೆ. ಆದರೆ ‘ನಮ್ಮ ತೋಟದೊಳಗೆ ತಾನೆ’ ಎಂಬ ನಂಬಿಕೆ ಪೂರಾ ತಪ್ಪು. ತೋಟದ ಗೇಟು ದಾಟಿ ಒಳಬಂದ ಮಾತ್ರಕ್ಕೆ ಯಂತ್ರದ ತೂಕ ಒಂದು ಸೇರೂ ಇಳಿಯುವುದಿಲ್ಲ.

ಟಿಲ್ಲರನ್ನೇ ನೋಡಿ. ರೋಟರಿ ಸಮೇತ ಅದರ ತೂಕ ನಾಲ್ಕು ಕ್ವಿಂಟಲಿನ ಆಸುಪಾಸು. ಸ್ಟೇರಿಂಗ್ ಚಕ್ರ ಇಲ್ಲ, ಹಿಡಿಗಳ ಅಡಿಯಲ್ಲಿ ಎರಡು ಲಿವರ್ ಅಷ್ಟೇ. ಎಡದ್ದನ್ನು ಒತ್ತಿದರೆ ಎಡಚಕ್ರಕ್ಕೆ ಎಂಜಿನ್ನಿನ ಬಲ ತಪ್ಪುತ್ತದೆ, ಬಲಚಕ್ರ ಮುಂದೆ ಹೋಗುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಸಮತಟ್ಟು ನೆಲದಲ್ಲಿ ಇದು ನಾಲ್ಕು ದಿನಕ್ಕೆ ಕೈಗೆ ಒಗ್ಗುತ್ತದೆ. ಹೇಮಾವತಿ ನಾಲೆಯ ಏರಿಯಿಂದ ತೋಟಕ್ಕೆ ಇಳಿಯುವಾಗ ಇದೇ ವಿದ್ಯೆ ತಿರುವುಮುರುವಾಗುತ್ತದೆ. ಇಳಿಜಾರಿನಲ್ಲಿ ಎಂಜಿನ್ ಗಾಡಿಯನ್ನು ಎಳೆಯುತ್ತಿರುವುದಿಲ್ಲ, ತಡೆದು ಹಿಡಿದಿರುತ್ತದೆ. ಆಗ ಎಡ ಲಿವರ್ ಒತ್ತಿದರೆ ಎಡಚಕ್ರಕ್ಕಿದ್ದ ತಡೆಯೇ ಕಳಚಿಕೊಳ್ಳುತ್ತದೆ. ಆ ಚಕ್ರ ಸಡಿಲವಾಗಿ ಮುಂದೋಡಿ ಗಾಡಿ ಬಲಕ್ಕೆ ಹೊರಳುತ್ತದೆ. ಹಿಂದಿನಿಂದ ಕಾಯಿ ತುಂಬಿದ ಟ್ರೇಲರ್ ಬೇರೆ ದಬ್ಬುತ್ತಿರುತ್ತದೆ. ಪಳಗಿದವರು ಇಳಿಜಾರು ಬರುವ ಮೊದಲೇ ಗೇರು ಇಳಿಸುತ್ತಾರೆ, ಲಿವರ್ ಮುಟ್ಟದೆ ಹಿಡಿಯನ್ನೇ ಮೆಲ್ಲಗೆ ಬಾಗಿಸಿ ದಾರಿ ತಿದ್ದುತ್ತಾರೆ. ಹದಿಮೂರರ ಹುಡುಗನ ಕೈ ಗಾಬರಿಯಲ್ಲಿ ತಾನು ಕಲಿತದ್ದನ್ನೇ ಮಾಡುತ್ತದೆ, ಅದನ್ನೇ ಇನ್ನಷ್ಟು ಬಿಗಿಯಾಗಿ ಮಾಡುತ್ತದೆ.

ಹಿಂದಕ್ಕೆ ತೆಗೆಯುವುದು ಇನ್ನೊಂದು ಗಂಡಾಂತರ, ಅದರಲ್ಲೂ ತೆಂಗಿನ ತೋಟದಲ್ಲಿ. ರಿವರ್ಸ್ ಗೇರಿನಲ್ಲಿ ಟಿಲ್ಲರಿನ ಹಿಡಿ ಓಡಿಸುವವನ ಮೈಮೇಲೇ ಬರುತ್ತದೆ. ಹಿಂದೆ ಬಯಲಿದ್ದರೆ ಪಕ್ಕಕ್ಕೆ ಸರಿಯಬಹುದು. ಬೆನ್ನ ಹಿಂದೆ ಮರವಿದ್ದರೆ ಹಿಡಿಗೂ ಮರಕ್ಕೂ ನಡುವೆ ಸಿಕ್ಕಿಕೊಳ್ಳುವುದು ಅವನ ಎದೆ ಅಥವಾ ಹೊಟ್ಟೆ. ದೊಡ್ಡವರಿಗೂ ಇದು ತಪ್ಪಿದ್ದಲ್ಲ, ಆದರೆ ಅವರಿಗೆ ಕ್ಲಚ್ ಬಿಡಿಸಲು ಕೈಯಾದರೂ ಎಟುಕುತ್ತದೆ.

ಟ್ರ್ಯಾಕ್ಟರಿನ ವಿಷಯದಲ್ಲಿ ಅಪಾಯ ಓಡಿಸುವ ಮಗುವಿಗಿಂತ ಹೆಚ್ಚಾಗಿ ಮಡ್‌ಗಾರ್ಡಿನ ಮೇಲೆ ಕೂತ ಮಗುವಿಗೆ. ತಮ್ಮನನ್ನೋ ತಂಗಿಯನ್ನೋ ಅಲ್ಲಿ ಕೂರಿಸಿಕೊಂಡು ಹೋಗುವುದು ಎಲ್ಲ ಊರಿನಲ್ಲೂ ಕಾಣುವ ನೋಟ. ಬದು ಹತ್ತಿಳಿಯುವಾಗ ಒಂದು ಕುಲುಕು ಸಾಕು, ಮಗು ಬೀಳುವುದು ದೊಡ್ಡ ಚಕ್ರದ ಮುಂದಕ್ಕೋ ಹಿಂದಿನ ರೋಟವೇಟರಿನ ಮೇಲಕ್ಕೋ. ರೋಟವೇಟರಿಗೆ ಬಲ ಕೊಡುವ ಪಿಟಿಒ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9 ಸುತ್ತು. ಟವೆಲಿನ ತುದಿಯೋ ಲಂಗದ ಅಂಚೋ ಅದಕ್ಕೆ ಸಿಕ್ಕಿದರೆ ಬಿಡಿಸಿಕೊಳ್ಳುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದ ದಿನವೇ ಹೊಸದು ಹಾಕಿಸಬೇಕು. ಟ್ರ್ಯಾಕ್ಟರ್ ಮಗುಚಿದರೂ ಚಾಲಕ ಜಜ್ಜಿಹೋಗದಂತೆ ಕಾಯುವ ಉಕ್ಕಿನ ಚೌಕಟ್ಟನ್ನು ಸ್ವೀಡನ್ ದೇಶ ಹೊಸ ಟ್ರ್ಯಾಕ್ಟರುಗಳಿಗೆ 1959ರಲ್ಲೇ ಕಡ್ಡಾಯ ಮಾಡಿತು. ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ತೀರಾ ಇಳಿಯಿತು. ನಮ್ಮ ತೋಟಗಳಲ್ಲಿ ಓಡಾಡುವ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಇಂದಿಗೂ ಆ ಚೌಕಟ್ಟಿಲ್ಲ.

ಈ ಸಾಲಿಗೆ ಈಗ ಎಟಿವಿ ಸೇರುತ್ತಿದೆ. ಮಲೆನಾಡಿನ ರೆಸಾರ್ಟುಗಳಲ್ಲಿ ಪ್ರವಾಸಿಗರು ಕೆಸರಿನಲ್ಲಿ ಓಡಿಸುವ ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ ಅದು. ಮಕ್ಕಳ ಅಳತೆಯವೂ ಆನ್‌ಲೈನಿನಲ್ಲಿ ಮಾರಾಟಕ್ಕಿವೆ. ನೋಡಲು ಆಟಿಕೆಯಂತಿದ್ದರೂ ಒಳಗಿರುವುದು ಪೆಟ್ರೋಲ್ ಎಂಜಿನ್ನು. ಅಮೆರಿಕದಲ್ಲಿ ಮೊದಲು ಬಂದದ್ದು ಮೂರು ಚಕ್ರದ ಮಾದರಿ. ಅದರಿಂದ ಬಿದ್ದು ಸತ್ತವರು, ಗಾಯಗೊಂಡವರು ಎಷ್ಟಾದರೆಂದರೆ 1988ರಲ್ಲಿ ಅಲ್ಲಿನ ಸರ್ಕಾರ ಕೋರ್ಟಿನ ಮೂಲಕ ಕಂಪನಿಗಳನ್ನು ಒಪ್ಪಿಸಿ ಅದರ ಮಾರಾಟ ನಿಲ್ಲಿಸಿತು. ಈಗ ಅಲ್ಲಿ ಮಗುವಿನ ವಯಸ್ಸಿಗೆ ತಕ್ಕ ಗಾಡಿ. 6 ವರ್ಷ ತುಂಬಿದವರಿಗೆಂದು ಮಾಡಿದ್ದು ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿಲೋಮೀಟರ್ ಮೀರುವಂತಿಲ್ಲ. ಕಲಿಯುವ ದಿನಗಳಲ್ಲಿ ಅದನ್ನು 10 ಮೈಲಿಗೆ ಕಟ್ಟಿಹಾಕುವ ಏರ್ಪಾಡೂ ಗಾಡಿಯಲ್ಲೇ ಇರಬೇಕು. ಇಷ್ಟಿದ್ದರೂ ಅಮೆರಿಕದ ಮಕ್ಕಳ ವೈದ್ಯರ ಸಂಘ ತನ್ನ ಮಾತು ಬದಲಿಸಿಲ್ಲ: 16 ತುಂಬದವರು ಎಟಿವಿ ಹತ್ತಲೇಬಾರದು.

ವೈದ್ಯರ ಮಾತೇ ಸರಿ. ಎಟಿವಿಯನ್ನು ತಿರುಗಿಸುವುದು ಹ್ಯಾಂಡಲ್ ಒಂದರಿಂದಲೇ ಅಲ್ಲ, ಮೈಯಿಂದ. ಏರಿನಲ್ಲಿ ಮುಂದಕ್ಕೆ ಬಾಗಬೇಕು, ತಿರುವಿನಲ್ಲಿ ಒಳಬದಿಗೆ ವಾಲಬೇಕು. ಗಾಡಿಯನ್ನು ಹದದಲ್ಲಿಡುವಷ್ಟು ತೂಕ ಮಗುವಿನ ಮೈಯಲ್ಲಿ ಇರುವುದಿಲ್ಲ. ಪಾತಿ, ಬದು, ಬಿದ್ದ ಎಡೆಮಟ್ಟೆಗಳ ನಡುವೆ ಒಂದು ಪಕ್ಕದ ಚಕ್ರ ಮೇಲೆದ್ದರೆ ಗಾಡಿ ಮಗುಚುವುದು ಕೆಳಗಿದ್ದವನ ಮೇಲೇ. ಹಾಗಿದ್ದೂ ಕೊಂಡೇ ತಂದ ಮನೆಗಳಿವೆ ಎಂದಾದರೆ ಅಲ್ಲಿ ಕನಿಷ್ಠ ಇಷ್ಟಾದರೂ ಆಗಲಿ: ತಲೆಗೆ ಅಳತೆಯ ಹೆಲ್ಮೆಟ್, ಕಾಲಿಗೆ ಗಟ್ಟಿ ಶೂ, ಹಿಂದೆ ಯಾರನ್ನೂ ಕೂರಿಸದಿರುವುದು, ಡಾಂಬರು ರಸ್ತೆಗೆ ಇಳಿಸದಿರುವುದು, ಕೃಷಿ ಹೊಂಡದ ಹತ್ತಿರ ಬಿಡದಿರುವುದು. ದೊಡ್ಡವರೊಬ್ಬರು ಫೋನು ಬದಿಗಿಟ್ಟು ಅಲ್ಲೇ ನಿಂತಿರಬೇಕು. ಮಗು ಬಿದ್ದರೆ ಎಂಜಿನ್ ತಾನೇ ನಿಲ್ಲುವಂತೆ ಮಾಡುವ ದಾರವೊಂದು ಮಕ್ಕಳ ಎಟಿವಿಗಳಲ್ಲಿ ಇರುತ್ತದೆ. ಅದು ಕಿರಿಕಿರಿಯೆಂದು ಕಿತ್ತೆಸೆಯಬಾರದು.

ಟೈರಿನ ಗಾಳಿಯ ವಿಷಯ ತುಸು ಬಿಡಿಸಿ ಹೇಳಬೇಕು, ಏಕೆಂದರೆ ತಪ್ಪಾಗುವುದು ಇಲ್ಲೇ. ಎಟಿವಿ ಟೈರು ಮೆತ್ತಗಿರಬೇಕು. ಅದಕ್ಕೆ ಬೇಕಾದ ಗಾಳಿ ಸಾಮಾನ್ಯವಾಗಿ ಒಂದಂಕಿಯ ಪಿಎಸ್‌ಐ ಲೆಕ್ಕದಲ್ಲಿರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಬೈಕಿಗೆ ಹಿಡಿದಂತೆ 25–30 ಹಿಡಿದರೆ ಟೈರು ಕಲ್ಲಾಗುತ್ತದೆ, ಪ್ರತಿ ಹೆಂಟೆಗೂ ಗಾಡಿ ಚೆಂಡಿನಂತೆ ಪುಟಿಯುತ್ತದೆ. ಎಡಬಲದ ಟೈರುಗಳಲ್ಲಿ ಗಾಳಿ ಸಮ ಇಲ್ಲದಿದ್ದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಕಡಿಮೆ ಒತ್ತಡ ಅಳೆಯುವ ಬೇರೆ ಗೇಜ್ ಸಿಗುತ್ತದೆ, ಅದು ಮನೆಯಲ್ಲಿರಬೇಕು. ಇನ್ನು ಗಾಡಿ ಹತ್ತುವ ಮೊದಲು ಥ್ರಾಟಲ್ ಒತ್ತಿಬಿಟ್ಟು ನೋಡುವುದು: ಬೆರಳು ತೆಗೆದೊಡನೆ ಅದು ಪಟ್ಟನೆ ತನ್ನ ಜಾಗಕ್ಕೆ ಮರಳಬೇಕು. ಬ್ರೇಕು, ಚೈನು, ಚಕ್ರದ ನಟ್ಟು ನೋಡಲು ಎರಡೇ ನಿಮಿಷ.

‘ಸ್ವಂತ ಜಾಗದಲ್ಲಿ ಕಾನೂನು ಕೇಳುವವರು ಯಾರು’ ಎನ್ನುವವರಿಗೂ ಉತ್ತರವಿದೆ. 2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಂತೆ, ಅಪ್ರಾಪ್ತರು ರಸ್ತೆಯಲ್ಲಿ ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು, ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ತೋಟದಿಂದ ಮನೆಗೆ ಹೋಗಲು ಅರ್ಧ ಫರ್ಲಾಂಗು ಬಿ.ಎಚ್. ರಸ್ತೆ ಹತ್ತಿದರೂ ಅದು ರಸ್ತೆಯೇ. ಗೇಟಿನೊಳಕ್ಕೆ ಬರುವುದು ಬಾಲಕಾರ್ಮಿಕ ಕಾಯ್ದೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಮನೆಯ ಕಸುಬಿಗೆ ನೆರವಾಗಬಹುದೆಂದು 2016ರ ತಿದ್ದುಪಡಿ ಒಪ್ಪುತ್ತದೆ. ಅಪಾಯದ ಕೆಲಸವನ್ನು ಮಾತ್ರ ಒಪ್ಪುವುದಿಲ್ಲ, ಟ್ರ್ಯಾಕ್ಟರ್ ಬಳಸುವ ಬೇಸಾಯದ ಕೆಲಸವೂ ಆ ಪಟ್ಟಿಯಲ್ಲಿದೆ.

ಆದರೆ ತೋಟ ತೋಟಕ್ಕೂ ಪೊಲೀಸರು ಬರಲಾರರು, ಬರಬೇಕಾಗಿಯೂ ಇಲ್ಲ. ಟಿಲ್ಲರ್ ಕೊಳ್ಳಲು ಸರ್ಕಾರ ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರವರೆಗೆ ಸಹಾಯಧನ ಕೊಡುತ್ತದೆ. ಅಷ್ಟು ಹಣ ಕೊಡುವಾಗ ಒಂದು ದಿನದ ತರಬೇತಿಯನ್ನೂ ಕಡ್ಡಾಯ ಮಾಡಲಿ. ತಿಪಟೂರಿನ ಪಕ್ಕದ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೇ ಇದೆ. ಇಳಿಜಾರಿನಲ್ಲಿ ಲಿವರ್ ಹೇಗೆ ಉಲ್ಟಾ ಕೆಲಸ ಮಾಡುತ್ತದೆ ಎಂಬುದನ್ನು ಅಲ್ಲಿ ಒಮ್ಮೆ ಕಣ್ಣಾರೆ ತೋರಿಸಿದರೆ ನೂರು ಭಿತ್ತಿಪತ್ರಕ್ಕಿಂತ ಹೆಚ್ಚು ನಾಟುತ್ತದೆ.

ಹುಡುಗನಿಗೆ ಯಂತ್ರದ ಹುಚ್ಚಿದ್ದರೆ ಅದನ್ನು ಚಿವುಟಬೇಕಿಲ್ಲ. ಎಂಜಿನ್ ನಿಂತು ತಣ್ಣಗಾದ ಮೇಲೆ ಅವನಿಗೆ ಕೈತುಂಬ ಕೆಲಸವಿದೆ. ಬೇಸಿಗೆಯಲ್ಲಿ ನಮ್ಮ ಕೆಂಪು ಮಣ್ಣಿನ ಧೂಳು ಏರ್ ಫಿಲ್ಟರನ್ನು ಬಲುಬೇಗ ಕಟ್ಟಿಹಾಕುತ್ತದೆ. ಅದನ್ನು ಬಿಚ್ಚಿ ತೊಳೆಯುವುದು, ಎಣ್ಣೆಯ ಮಟ್ಟ ನೋಡುವುದು, ಬೆಲ್ಟಿನ ಬಿಗುವು ಹೆಬ್ಬೆರಳಲ್ಲಿ ಒತ್ತಿ ತಿಳಿಯುವುದು, ರೋಟರಿಗೆ ಸುತ್ತಿಕೊಂಡ ನಾರು ಕತ್ತರಿಸಿ ಬಿಡಿಸುವುದು, ಎಲ್ಲವೂ ಅವನು ಅಪ್ಪನ ಪಕ್ಕ ಕೂತು ಕಲಿಯಬಹುದಾದ ವಿದ್ಯೆ. ಸ್ಟಾರ್ಟ್ ಮಾಡುವ ಹ್ಯಾಂಡಲ್ ಮಾತ್ರ, ಅವನಿಗೆ ವಯಸ್ಸು ತುಂಬುವವರೆಗೆ, ಅಟ್ಟದ ಮೇಲೆ ಕಾಯಿ ರಾಶಿಯ ಹಿಂದಿರಲಿ.